ಕೊನೆಯ ಬೆಂಚಿಗೆ ಬಾರದ ಕಿತ್ತಳೆ

ಹೋದ ವಾರ ಶ್ರೀರಾಂಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸೊಬ್ಬಳು ಕಿತ್ತಳೆಹಣ್ಣು ಸುಲಿದಳು. ಕೊಡಗಿನ ಕಿತ್ತಳೆ, ಸಿಪ್ಪೆ ಸಡಿಲ, ಉಗುರು ತಾಗಿದರೆ ಸಾಕು ಬಿಟ್ಟುಕೊಳ್ಳುತ್ತದೆ. ವಾಸನೆ ಹಿಂದಿನ ಬಾಗಿಲವರೆಗೂ ಹೋಯಿತು. ನಿಂತವರು ಕೂತವರು ಎಲ್ಲರೂ ಒಮ್ಮೆ ಆ ಕಡೆ ನೋಡಿದರು. ನನಗೆ ಮಾತ್ರ ಹೊಟ್ಟೆಯೊಳಗೆ ಚುರ್ ಎಂದಿತು. ಹಸಿವಲ್ಲ, ಹೊಟ್ಟೆಕಿಚ್ಚು. ಆ ಹೆಂಗಸಿನ ಮೇಲಲ್ಲ, ಪಾಪ, ಅವಳು ನನಗೂ ಎರಡು ತೊಳೆ ಕೊಡಲು ಬಂದಳು. ಈ ಕಿಚ್ಚು ಐದು ವರ್ಷ ಹಳೆಯದು. ಐವತ್ತು ದಾಟಿದವಳಿಗೆ, ಸಂಸ್ಕೃತ ಹೇಳಿಕೊಡುವವಳಿಗೆ, ಒಂದು ಹಣ್ಣಿನ ವಾಸನೆಯಿಂದ ಹೀಗಾಗುವುದು ನಾಚಿಕೆಯ ವಿಷಯವೇ. ಆದರೆ ಆಗುತ್ತದೆ. ಮುಚ್ಚಿಟ್ಟುಕೊಂಡು ಸಾಕಾಗಿದೆ, ಬರೆದುಬಿಡುತ್ತೇನೆ.

ಜಯಲಕ್ಷ್ಮಿಪುರಂನ ಒಂದು ಶಾಲೆಯಲ್ಲಿ ನಾನು ಸಂಸ್ಕೃತದ ಮಿಸ್. ಆರನೇ ಕ್ಲಾಸಿನಿಂದ ಒಂಬತ್ತರವರೆಗೆ ಮೂರನೇ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡ ಮಕ್ಕಳೆಲ್ಲ ನನ್ನ ಕೈಕೆಳಗೇ ಬರುತ್ತಿದ್ದರು. ನಮ್ಮ ಮನೆತನವೇ ಅಂಥದ್ದು. ತಾತ ಅರಮನೆಯಲ್ಲಿ ಪಾರಾಯಣ ಮಾಡುತ್ತಿದ್ದವರು, ಅಪ್ಪ ಪಾಠಶಾಲೆಯ ಮೇಷ್ಟ್ರು. ಶಬ್ದ, ಧಾತು ಎಲ್ಲ ನಮಗೆ ಹಾಲು ಕುಡಿದಷ್ಟೇ ಸಲೀಸು. ಆ ಗತ್ತು ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ವರ್ಷ ಶಾಲೆಯವರು ಎಂಟನೇ ಕ್ಲಾಸಿಗೆ ಸ್ಪ್ಯಾನಿಷ್ ಶುರುಮಾಡಿದರು. ಮೂರನೇ ಭಾಷೆಗೆ ಅದನ್ನೂ ಆರಿಸಿಕೊಳ್ಳಬಹುದು ಎಂದರು. ಮಕ್ಕಳು ಹೋದರು ನೋಡಿ, ಬಾಗಿಲು ತೆರೆದ ಕೂಡಲೇ ಬಸ್ಸಿಗೆ ನುಗ್ಗುತ್ತಾರಲ್ಲ, ಹಾಗೆ. ಹೋದವರಲ್ಲಿ ನನ್ನ ಸ್ವಂತ ಮಗಳು ಅನಘಾ ಕೂಡ ಇದ್ದಳು. ಸ್ಟಾಫ್ ಮಕ್ಕಳಿಗೆ ರಿಯಾಯಿತಿ ಎಂದು ಅದೇ ಶಾಲೆಗೆ ಸೇರಿಸಿದ್ದೆ.

"ಯಾಕೆ ಪುಟ್ಟಾ, ನಮ್ಮದನ್ನ ಬಿಟ್ಟು?" ಎಂದು ಕೇಳಿದೆ.

"ನಿನ್ನ ಕ್ಲಾಸಲ್ಲಿ ನಾನು ನಿನ್ನ ಮಗಳು ಅಮ್ಮ. ಎಲ್ರೂ ನನ್ನನ್ನ ನೋಡ್ಕೊಂಡೇ ಉತ್ತರ ಹೇಳ್ತಾರೆ. ಅಲ್ಲಿ ಬರೀ ಅನಘಾ ಆಗಿರ್ತೀನಿ, ಅಷ್ಟೇ ಕಣಮ್ಮ."

ನ್ಯಾಯವಾದ ಮಾತು ಎಂದು ಬಾಯಲ್ಲಿ ಹೇಳಿದೆ. ಒಳಗೆ ಒಪ್ಪಲಿಲ್ಲ. ಮರುವರ್ಷ ಜೂನ್ ಬಂತು. ಒಂಬತ್ತನೇ ಕ್ಲಾಸಿನಲ್ಲಿ ಸಂಸ್ಕೃತಕ್ಕೆ ಉಳಿದವರು ನಾಲ್ಕೇ ಮಕ್ಕಳು. ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆಸಿ, ಆ ನಾಲ್ವರನ್ನು ಹಿಂದಿಗೆ ಸೇರಿಸಿದ್ದೇವೆ ಎಂದರು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ.

"ಇನ್ನೊಂದು ವಿಷಯ ವಿಶಾಲಾಕ್ಷಿ. ಸ್ಪ್ಯಾನಿಷ್ ಹುಡುಗಿ ವಿಸಿಟಿಂಗ್ ಟೀಚರ್. ಪರ್ಮನೆಂಟ್ ಸ್ಟಾಫ್ ಒಬ್ಬರು ಕ್ಲಾಸಲ್ಲಿ ಇರಲೇಬೇಕು ಅಂತ ಮ್ಯಾನೇಜ್‌ಮೆಂಟಿನವರ ರೂಲು. ನಿಮ್ಮ ಆ ಪೀರಿಯಡ್ ಹೇಗೂ ಖಾಲಿಯಾಯ್ತಲ್ಲ, ಹಿಂದೆ ಕೂತ್ಕೊಂಡು ನಿಮ್ಮ ಕರೆಕ್ಷನ್ ಮಾಡ್ಕೊಳ್ಳಿ."

ನನ್ನ ಪೀರಿಯಡ್ ಕಿತ್ತುಕೊಂಡವಳ ಪೀರಿಯಡ್ಡಿಗೆ ನಾನೇ ಕಾವಲು. ಕೊಠಡಿಯೂ ನನ್ನದೇ, ಗೋಡೆಯ ಮೇಲೆ ನಾನು ಬರೆಸಿದ್ದ ಸುಭಾಷಿತದ ಚಾರ್ಟು ಇನ್ನೂ ಇತ್ತು. ಅದರ ಪಕ್ಕದಲ್ಲೇ ಸ್ಪೇನಿನ ಕೆಂಪು ಹಳದಿ ಬಾವುಟವೊಂದು ಬಂದು ಅಂಟಿತ್ತು. ಮೊದಲ ದಿನ ಬಾಗಿಲಲ್ಲಿ ನನ್ನನ್ನು ನೋಡಿ ಅನಘಾ ಮುಖ ಸಪ್ಪೆ ಮಾಡಿಕೊಂಡಳು. ಅವಳು ಯಾವುದರಿಂದ ತಪ್ಪಿಸಿಕೊಂಡು ಬಂದಿದ್ದಳೋ ಅದೇ ಅವಳ ಹಿಂದೆ ಬಂದು ಕೂತಿತ್ತು.

ಆ ಸ್ಪ್ಯಾನಿಷ್ ಹುಡುಗಿಯ ಹೆಸರು ತನ್ಮಯಿ. ಇಪ್ಪತ್ತಾರು ವರ್ಷ. ಬನ್ನಿಮಂಟಪದವಳು, ಸ್ಕೂಟರಿನಲ್ಲಿ ಬರುತ್ತಿದ್ದಳು. ಸಂಜೆ ಕ್ಲಾಸಿನಲ್ಲಿ ಭಾಷೆ ಕಲಿತು, ಯಾವುದೋ ಕಂಪನಿಗೆ ಎರಡು ವರ್ಷ ಫೋನಿನಲ್ಲಿ ದೂರದೇಶದ ಗಿರಾಕಿಗಳ ದೂರು ಕೇಳಿ, ಅದರಲ್ಲೇ ಮಾತು ಹದ ಮಾಡಿಕೊಂಡಿದ್ದವಳು. ಸ್ಪೇನನ್ನು ಕಣ್ಣಲ್ಲಿ ನೋಡಿರಲಿಲ್ಲ. ದಿನಾ ಎರಡು ನಿಮಿಷ ತಡ. "ಲೇಟಾಗ್ಬುಡ್ತು ಮೇಡಂ, ಸರ್ಕಲ್ ಹತ್ರ ಜಾಮಾಗ್ಬುಟ್ಟಿತ್ತು" ಎನ್ನುತ್ತಾ ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲೇ ಇಡುತ್ತಿದ್ದಳು. ಅಂಗಲ್ಲ, ಎಂಗೆ, ಅಂಗೇ ಎನ್ನುವ ಮಾತು. ಕನ್ನಡದ ಹಕಾರವನ್ನೇ ನುಂಗುವವಳು ಇನ್ನೊಂದು ಭಾಷೆಯನ್ನೇನು ಉಳಿಸಿಯಾಳು ಎಂದು ಮನಸ್ಸಿನಲ್ಲೇ ನಕ್ಕೆ. ಎರಡನೇ ವಾರದಲ್ಲಿ ತಿಳಿಯಿತು, ಸ್ಪ್ಯಾನಿಷ್ ಕೂಡ ಹಕಾರವನ್ನು ಬರೆಯುತ್ತದೆಯೇ ಹೊರತು ಉಚ್ಚರಿಸುವುದಿಲ್ಲವಂತೆ. ನನ್ನ ನಗು ಅಲ್ಲಿಗೇ ನಿಂತಿತು.

ಮಕ್ಕಳು ಅವಳನ್ನು ಮಿಸ್ ಎನ್ನುತ್ತಿರಲಿಲ್ಲ, 'ಪ್ರೊಫೆ' ಎನ್ನುತ್ತಿದ್ದರು. ಟೀಚರ್ ಎನ್ನುವುದಕ್ಕೆ ಅಲ್ಲಿನವರ ಸಲಿಗೆಯ ಮಾತಂತೆ. ಇಪ್ಪತ್ತೇಳು ಮಕ್ಕಳೂ ಪ್ರೊಫೆ ಪ್ರೊಫೆ ಎಂದು ಅವಳ ಮೇಜು ಮುತ್ತಿಕೊಳ್ಳುತ್ತಿದ್ದರು. ಅನಘಾ ಶಾಲೆಯಲ್ಲಿ ನನ್ನನ್ನು ಎಲ್ಲರಂತೆ ಮಿಸ್ ಎಂದೇ ಕರೆಯಬೇಕು, ನಾನೇ ಮಾಡಿದ ನಿಯಮ ಅದು. ಇಷ್ಟು ವರ್ಷ ಅದರಲ್ಲಿ ಏನೂ ಅನ್ನಿಸಿರಲಿಲ್ಲ. ಈಗ ಒಂದೇ ಕೊಠಡಿಯಲ್ಲಿ ತನ್ಮಯಿಗೆ ಪ್ರೊಫೆ, ನನಗೆ ಮಿಸ್ ಎಂದು ಕೇಳಿಸಿಕೊಂಡಾಗ ಆ ನಿಯಮದ ಮೇಲೆ ಕೋಪ ಬಂತು.

ಮೊದಲ ಮೂರು ವಾರ ತಲೆ ತಗ್ಗಿಸಿ ಆರನೇ ಕ್ಲಾಸಿನ ನೋಟ್‌ಬುಕ್ ತಿದ್ದಿದೆ. ಜುಲೈನ ಒಂದು ಮಧ್ಯಾಹ್ನ ಹೊರಗೆ ಸೋನೆ ಹಿಡಿದಿತ್ತು. ಕಿಟಕಿ ಮುಚ್ಚಿದ್ದರು. ತನ್ಮಯಿ ಏನೋ ಕೇಳಿದಳು, ಅನಘಾ ಎದ್ದು ಏನೋ ಅಂದಳು, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಗುತ್ತಲೇ ಅನಘಾ ಒಂದು ಸಲ ತಿರುಗಿ ನನ್ನತ್ತ ನೋಡಿದಳು. ನನ್ನ ವಿಷಯವೋ ಅಲ್ಲವೋ ಗೊತ್ತಾಗಲಿಲ್ಲ. ಹೆತ್ತ ಮಗಳ ಬಾಯಿಂದ ಬಂದ ಮಾತು, ನನ್ನ ಎದುರಿಗೇ ಆಡಿದ್ದು, ಒಂದಕ್ಷರ ತಿಳಿಯಲಿಲ್ಲ. ಆ ಸಂಜೆಯೇ ಅವಳ ಕಪಾಟಿನಿಂದ ಎಂಟನೇ ಕ್ಲಾಸಿನ ಹಳೆಯ ಸ್ಪ್ಯಾನಿಷ್ ಪುಸ್ತಕ ತೆಗೆದು ನನ್ನ ಸೀರೆಗಳ ಕೆಳಗಿಟ್ಟುಕೊಂಡೆ.

ಕಳ್ಳತನದಲ್ಲಿ ಕಲಿಯಲು ಶುರುಮಾಡಿದೆ. ಬಣ್ಣ, ವಾರ, ತಿಂಗಳು, ಅತ್ತೆ, ಮಾವ ಎಲ್ಲ ಒಂದೇ ತಿಂಗಳಲ್ಲಿ ಮುಗಿಯಿತು. ಕ್ಲಾಸಿನಲ್ಲಿ ನಡೆಯುತ್ತಿದ್ದದ್ದು ಎರಡನೇ ವರ್ಷದ ಪಾಠ. ನಿನ್ನೆ ಏನು ಮಾಡಿದೆ, ಚಿಕ್ಕಂದಿನಲ್ಲಿ ಏನು ಮಾಡುತ್ತಿದ್ದೆ ಎಂದು ಹೇಳುವುದು, ಎದುರಿಗಿದ್ದವರಿಗೆ ಹೀಗೆ ಮಾಡು ಹಾಗೆ ಮಾಡು ಎಂದು ಅಪ್ಪಣೆ ಕೊಡುವುದು. ತನ್ಮಯಿ ಅದನ್ನೆಲ್ಲ ಆಟ ಆಡಿಸಿ ಹೇಳಿಕೊಡುತ್ತಿದ್ದಳು. ನನಗೆ ಗೊತ್ತಿದ್ದ ದಾರಿ ಒಂದೇ. ತಿದ್ದುವ ಪುಸ್ತಕದ ಒಳಗೆ ಇನ್ನೊಂದು ನೋಟ್‌ಬುಕ್ ಇಟ್ಟುಕೊಂಡು, ಒಂದೊಂದು ಕ್ರಿಯಾಪದಕ್ಕೂ ನಾನು, ನೀನು, ಅವನು, ನಾವು, ನೀವು, ಅವರು ಎಂದು ಸಾಲು ಹಾಕಿ, ಮನೆಗೆ ಬಂದು ಅಕ್ಕಿ ತೊಳೆಯುವಾಗ ರಾಗವಾಗಿ ಹೇಳಿಕೊಳ್ಳುತ್ತಿದ್ದೆ. ಆಬ್ಲೇ, ಆಬ್ಲಾಸ್ತೆ, ಆಬ್ಲೋ: ನಾನು ಮಾತಾಡಿದೆ, ನೀನು ಮಾತಾಡಿದೆ, ಅವನು ಮಾತಾಡಿದ. ಅಪ್ಪ ರಾಮಃ ರಾಮೌ ರಾಮಾಃ ಹೇಳಿಸಿದ್ದೂ ಇದೇ ರಾಗದಲ್ಲಿ.

"ಏನೇ ಅದು, ಹೊಸ ಸ್ತೋತ್ರವಾ?" ಎಂದು ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ ಕೇಳಿದರು.

"ಹೂಂ" ಎಂದೆ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಬರೆದ ದಿನ ನನಗೆ ಪಕ್ಕದ ಮನೆಯ ವಸಂತಿ ನೆನಪಾದಳು. ಇಬ್ಬರಿಗೂ ಹದಿನಾರು ಆಗ. ಅವಳು ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡು, ಜಗಲಿಯ ಮೇಲೆ ಕೂತು ಮೂಗಿನಲ್ಲಿ ಏನೇನೋ ಹೇಳಿ ನಗುತ್ತಿದ್ದಳು. ನಾನೂ ತಗೋತೀನಿ ಎಂದು ಅಪ್ಪನನ್ನು ಕೇಳಿದೆ. "ನಮ್ಮ ಮನೇಲಿ ಭಾಷೆಗೇನು ಬರ ಬಂದಿದೆಯೇನಮ್ಮ?" ಎಂದರು. ಗದರಿಸಲಿಲ್ಲ, ನಗುತ್ತಲೇ ಅಂದರು. ನಾನೂ ನಕ್ಕು ಒಳಗೆ ಹೋದೆ. ಅದನ್ನು ಮರೆತು ಮೂವತ್ತು ವರ್ಷದ ಮೇಲಾಗಿದೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ ಹೊತ್ತಿಗೆ ಕಿವಿ ತೆರೆಯಿತು. ಅನಘಾ ಮತ್ತು ಅವಳ ಗೆಳತಿ ಸಾನಿಯಾ ಫೋನಿನಲ್ಲಿ ಸ್ಪ್ಯಾನಿಷ್ ಮಾತಾಡುತ್ತಿದ್ದರು, ಮನೆಯವರಿಗೆ ತಿಳಿಯಬಾರದೆಂದು. "ಅಮ್ಮ ಅಡುಗೆಮನೆಯಲ್ಲಿದ್ದಾಳೆ, ಆಮೇಲೆ ಹೇಳ್ತೀನಿ" ಎಂದದ್ದು ಒಗ್ಗರಣೆ ಸಿಡಿಯುವ ಸದ್ದಿನ ನಡುವೆಯೂ ನನಗೆ ತಿಳಿಯಿತು. ಸೌಟು ಹಿಡಿದುಕೊಂಡೇ ನಿಂತೆ. ಮುಂದೆ ಹೇಳಿದ್ದರಲ್ಲಿ ಅರ್ಧ ತಿಳಿಯಿತು, ಎಲ್ಲ ಪ್ರೊಫೆಯ ವಿಷಯವೇ. ಪ್ರೊಫೆ ಹೀಗಂದರು, ಪ್ರೊಫೆ ತಲೆಗೂದಲು ಕತ್ತರಿಸಿಕೊಂಡರು, ಪ್ರೊಫೆಗೆ ಹೇಳಿದೆ, ಪ್ರೊಫೆಗೆ ಅರ್ಥವಾಯಿತು. ಏನು ಹೇಳಿದಳು, ಏನು ಅರ್ಥವಾಯಿತು? ನನಗೆ ಹೇಳದ್ದು ಅವಳ ಹತ್ತಿರ ಹೇಳುವಂಥದ್ದೇನಿತ್ತು? ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ದಸರಾ ರಜೆಯಲ್ಲಿ ಒಂದು ದಿನ ಅನಘಾ ಬಂದು, "ಅಮ್ಮ, ಪ್ರೊಫೆ ಮನೆ ಟೆರೇಸಿಂದ ಪಂಜಿನ ಕವಾಯತು ಚೆನ್ನಾಗಿ ಕಾಣುತ್ತಂತೆ. ಸಾನಿಯಾ ಹೋಗ್ತಿದಾಳೆ, ನಾನೂ ಹೋಗ್ಲಾ?" ಎಂದಳು. ಜನ ಜಾಸ್ತಿ, ಬೇಡ ಎಂದೆ. ಆ ಗದ್ದಲದ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು, ಜನ ನನಗೇನು ಹೊಸದೇ? ಟಿವಿಯಲ್ಲಿ ನೋಡೋಣ ಬಾ ಎಂದರೆ ಅವಳು ರೂಮಿನಿಂದ ಹೊರಗೇ ಬರಲಿಲ್ಲ.

ನವೆಂಬರ್ ಕೊನೆಯಲ್ಲಿ ತನ್ಮಯಿ ಒಂದು ಸುದ್ದಿ ತಂದಳು. ಸ್ಪೇನಿನ ಒಂದು ಶಾಲೆಯ ಮಕ್ಕಳ ಜೊತೆ ಜನವರಿಯಲ್ಲಿ ಅರ್ಧ ಗಂಟೆ ವಿಡಿಯೊ ಕಾಲ್. ನಮ್ಮ ಕಡೆಯಿಂದ ಇಬ್ಬರು ಮಾತಾಡಬೇಕು, ಮಿಕ್ಕವರು ಕೂತು ನೋಡಬೇಕು. ಅವಳು ಆರಿಸಿದ್ದು ಅನಘಾ ಮತ್ತು ಸಾನಿಯಾರನ್ನು. ಅನಘಾ ಆ ದಿನದಿಂದ ನೆಲದ ಮೇಲೆ ನಡೆದದ್ದನ್ನು ನಾನು ಕಾಣೆ. ಕನ್ನಡಿಯ ಮುಂದೆ ನಿಂತು ಮೈಸೂರು, ಅರಮನೆ, ಬೆಟ್ಟ, ಮಲ್ಲಿಗೆ ಎಂದು ಒಂದೊಂದನ್ನೇ ಆ ಭಾಷೆಯಲ್ಲಿ ವರ್ಣಿಸುತ್ತಿದ್ದಳು. ಬಾಗಿಲ ಆಚೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದರೆ ನನಗೆ ತಿಳಿಯುತ್ತದೆ ಎಂಬುದು ಗೊತ್ತಾಗಿಬಿಡುತ್ತಿತ್ತು.

ಆಮೇಲೆ ಬಂತು ಆ ಕಿತ್ತಳೆಯ ದಿನ. ಡಿಸೆಂಬರಿನ ಎರಡನೇ ವಾರ. ತನ್ಮಯಿ ಮಾರ್ಕೆಟ್ಟಿನಿಂದ ಒಂದು ಚೀಲ ಕಿತ್ತಳೆ ಹೊತ್ತುಕೊಂಡು ಬಂದಳು. ಅವತ್ತಿನ ಪಾಠ ಅಪ್ಪಣೆ ಕೊಡುವುದು. ಮಕ್ಕಳಿಗೆ ಒಂದೊಂದು ಹಣ್ಣು ಹಂಚುತ್ತಾ ಸಾಲು ಸಾಲಾಗಿ ಹಿಂದೆ ಬಂದಳು. ನಾನೂ ಪೆನ್ನು ಕೆಳಗಿಟ್ಟು ಕೈ ಖಾಲಿ ಮಾಡಿಕೊಂಡೆ. ಕೊನೆಯ ಸಾಲಿನ ಹುಡುಗನಿಗೆ ಕೊಟ್ಟು ಚೀಲ ಮಡಚಿ ತಿರುಗಿ ಹೋದಳು. ಇಪ್ಪತ್ತೇಳು ಮಕ್ಕಳು, ಇಪ್ಪತ್ತೇಳು ಹಣ್ಣು. ಬೇಕೆಂದು ಬಿಟ್ಟದ್ದಲ್ಲ, ನನಗೆ ಗೊತ್ತು. ಲೆಕ್ಕದಲ್ಲಿ ನಾನು ಇರಲೇ ಇಲ್ಲ, ಅಷ್ಟೇ. ಪೆನ್ನನ್ನು ಮತ್ತೆ ಎತ್ತಿಕೊಂಡೆ.

'ತೋಮಾ' ಎಂದಳು, ತೆಗೆದುಕೊ. 'ಪೇಲಾ' ಎಂದಳು, ಸುಲಿ. ಇಪ್ಪತ್ತೇಳು ಹಣ್ಣು ಒಟ್ಟಿಗೆ ಸುಲಿದರೆ ಮುಚ್ಚಿದ ಕೊಠಡಿಯಲ್ಲಿ ಎಂಥ ವಾಸನೆ ಏಳುತ್ತದೆ ಎಂದು ಹೇಳಲಾರೆ. ನನ್ನ ಬಾಯಲ್ಲಿ ನೀರು, ಕೈಯಲ್ಲಿ ಕೆಂಪು ಪೆನ್ನು. ಮುಂದಿನ ಅಪ್ಪಣೆ 'ಕೊಡು': ನಿಮ್ಮ ಹಣ್ಣಿನಲ್ಲಿ ಒಂದು ತೊಳೆಯನ್ನು ಒಬ್ಬರಿಗೆ ಕೊಡಿ, ಯಾರಿಗೆ ಬೇಕಾದರೂ ಕೊಡಬಹುದು. ಮಕ್ಕಳು ಪಕ್ಕದವರಿಗೆ ಕೊಟ್ಟರು, ಕಿತ್ತುಕೊಂಡರು, ಬಾಯಿಗೆ ತುರುಕಿದರು. ಅನಘಾ ಬೆಂಚಿನಿಂದ ಎದ್ದಳು. ಒಂದು ಕ್ಷಣ ಹಿಂದಕ್ಕೂ ಮುಂದಕ್ಕೂ ನೋಡಿದಳು. ಹಿಂದಕ್ಕೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಮುಂದೆ ಹೋಗಿ ತನ್ಮಯಿಯ ಕೈಯಲ್ಲಿ ತೊಳೆ ಇಟ್ಟಳು. ಅವಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅನಘಾಳ ಕೆನ್ನೆ ತಟ್ಟಿದಳು.

ನನ್ನ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ತುತ್ತು ಮಾಡಿ ಉಣ್ಣಿಸಿದ ಕೈ ನನ್ನದು, ಆ ಒಂದು ತೊಳೆ ಹೋದದ್ದು ಅವಳ ಬಾಯಿಗೆ. ಇಷ್ಟು ಸಣ್ಣ ವಿಷಯಕ್ಕೆ ಮನುಷ್ಯರು ಹೀಗಾಗುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಆದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಪ್ರಿನ್ಸಿಪಾಲರ ರೂಮಿಗೆ ಹೋದೆ. "ಮೇಡಂ, ಆ ವಿಡಿಯೊ ಕಾಲಿಗೆ ಅನಘಾ ಬೇಡ. ಆ ಕ್ಲಾಸಿನಲ್ಲಿ ಕೂರೋಳು ನಾನೇ. ಸ್ಟಾಫ್ ಮಗಳನ್ನ ಮುಂದೆ ಬಿಟ್ರು ಅಂತ ನಾಲ್ಕು ಜನ ಆಡ್ಕೋತಾರೆ. ಬೇರೆ ಯಾರಿಗಾದ್ರೂ ಕೊಡಿ."

ನಮ್ಮಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂದುಬಿಟ್ಟರೆ ಯಾವ ಬಾಗಿಲಾದರೂ ಮುಚ್ಚುತ್ತದೆ, ಮುಚ್ಚಿದವರಿಗೆ ಒಳ್ಳೆಯ ಹೆಸರೂ ಬರುತ್ತದೆ. ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಂಥಾ ಮಾತು ಹೇಳಿದ್ರಿ ಕಣ್ರೀ! ಈ ಕಾಲದಲ್ಲಿ ಯಾರು ಹೀಗೆ ಯೋಚ್ನೆ ಮಾಡ್ತಾರೆ?" ಎಂದರು.

ತನ್ಮಯಿ ಮಧ್ಯಾಹ್ನ ಸ್ಟಾಫ್ ರೂಮಿಗೆ ಹುಡುಕಿಕೊಂಡು ಬಂದಳು. "ಯಾಕೆ ಮೇಡಂ ಇಂಗ್ ಮಾಡ್ಬುಟ್ರಿ? ಅವಳಷ್ಟು ಚೆನ್ನಾಗಿ ಯಾರೂ ಮಾತಾಡಲ್ಲ. ಯಾರಾದ್ರೂ ಏನಾದ್ರೂ ಅಂದ್ರೆ ನಾನು ಉತ್ತರ ಕೊಡ್ತೀನಿ."

"ಸ್ಕೂಲು ಅಂದ್ರೆ ಏನು ಅಂತ ನಿಮಗಿನ್ನೂ ಗೊತ್ತಿಲ್ಲ ತನ್ಮಯಿ" ಎಂದೆ. ಅವಳು ಇನ್ನೇನೋ ಹೇಳಲು ಬಂದು, ಸುತ್ತ ಕೂತವರನ್ನು ನೋಡಿ ತಿರುಗಿ ಹೊರಟಳು.

ಅನಘಾಳಿಗೆ ಹೇಳಿದ್ದು ಇಷ್ಟೇ: ಪ್ರಿನ್ಸಿಪಾಲರು ಬದಲಾಯಿಸಿದ್ದಾರೆ, ನಿನ್ನ ಬದಲು ಇನ್ನೊಬ್ಬ ಹುಡುಗ. ಮನೆಗೆ ಬಂದು ಯೂನಿಫಾರಂ ಕೂಡ ಬಿಚ್ಚದೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ತಿಂಗಳ ಮೇಲೆ ನನ್ನ ತೊಡೆಗೆ ಬಂದಿದ್ದಳು. ನಾನು ಅವಳ ತಲೆ ಸವರಿ, "ಹೋಗ್ಲಿ ಬಿಡು ಪುಟ್ಟಾ, ಇನ್ನೊಂದ್ಸಲ ಸಿಗುತ್ತೆ" ಎಂದು ಸಮಾಧಾನ ಮಾಡಿದೆ. ಹೌದು, ನಾನೇ ಮಾಡಿದೆ. ಆಗ ನನಗೆ ಒಳಗೊಳಗೇ ಹಿತವಾಗಿತ್ತು ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಜನವರಿಯಲ್ಲಿ ಆ ಕಾಲ್ ನಡೆಯಿತು. ಅನಘಾ ಸ್ಪೀಕರಿನ ವೈರು ಎಳೆದಳು, ಕುರ್ಚಿ ಜೋಡಿಸಿದಳು, ಮೂರನೇ ಸಾಲಿನಲ್ಲಿ ಕೂತಳು. ಅವಳ ಜಾಗದಲ್ಲಿ ಮಾತಾಡಿದ ಹುಡುಗ ಅರ್ಧಕ್ಕೇ ತಡವರಿಸಿದ. ಪರದೆಯ ಆಚೆಯ ಮಕ್ಕಳು ಬೆಟ್ಟದ ವಿಷಯ ಏನೋ ಕೇಳಿದರು, ಅವನಿಗೆ ಉತ್ತರ ಬರಲಿಲ್ಲ. ಅನಘಾಳ ತುಟಿ ಅಲ್ಲಾಡುತ್ತಿದ್ದದ್ದು ನಾನು ಕೂತಲ್ಲಿಂದ ಕಂಡಿತು. ಸರಿಯಾದ ಉತ್ತರವನ್ನೇ ಹೇಳುತ್ತಿದ್ದಳು, ಸದ್ದಿಲ್ಲದೆ. ಅವತ್ತು ಮೊದಲ ಸಲ ನನಗೆ ಭಯವಾಯಿತು.

ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮೇಡಂ ಮೈಕ್ ಹಿಡಿದು ಎಲ್ಲರನ್ನೂ ಅಭಿನಂದಿಸಿದರು. ಆಮೇಲೆ, "ಇನ್ನೊಂದು ದೊಡ್ಡ ಗುಣದ ವಿಷಯ ನಿಮಗೆಲ್ಲ ಗೊತ್ತಾಗ್ಬೇಕು" ಎಂದು ಶುರುಮಾಡಿದರು. "ನಮ್ಮ ವಿಶಾಲಾಕ್ಷಿ ಮಿಸ್ ತಮ್ಮ ಸ್ವಂತ ಮಗಳಿಗೆ ಸಿಕ್ಕಿದ್ದ ಅವಕಾಶಾನ ತಾವಾಗೇ ಬಂದು ಬೇಡ ಅಂದ್ರು. ಬೇರೆ ಮಕ್ಕಳಿಗೆ ಸಿಗಲಿ ಅಂತ. ಇದನ್ನ ನಿಷ್ಪಕ್ಷಪಾತ ಅಂತಾರೆ ಮಕ್ಕಳೇ." ಇಡೀ ಮೈದಾನ ಚಪ್ಪಾಳೆ ತಟ್ಟಿತು. ಪಕ್ಕದ ಗಣಿತದ ಮಿಸ್ ನನ್ನ ಕೈ ಹಿಡಿದು ಅದುಮಿದರು. ಒಂಬತ್ತನೇ ಕ್ಲಾಸಿನ ಸಾಲಿನಿಂದ ಅನಘಾ ನನ್ನತ್ತ ತಿರುಗಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದಳು.

ಅಂದಿನಿಂದ ಮನೆಯಲ್ಲಿ ಹೂಂ, ಊಹೂಂ ಬಿಟ್ಟು ಮಾತಿಲ್ಲ. ಬಸ್ಸಿನಲ್ಲಿ ನಾನು ಕೂತರೆ ಅವಳು ಮುಂದೆ ಹೋಗಿ ನಿಲ್ಲುವಳು. ಮನೆಯಲ್ಲೂ ನನ್ನನ್ನು ಮಿಸ್ ಎನ್ನುತ್ತಾಳೋ ಏನೋ ಎಂದು ಹೆದರಿದ್ದೆ. ಅನ್ನಲಿಲ್ಲ. ಅಮ್ಮ ಎಂದೂ ಅನ್ನಲಿಲ್ಲ.

ಹತ್ತು ದಿನ ಕಳೆದವು. ತನ್ಮಯಿ ಮಕ್ಕಳಿಗೆ 'ನನ್ನ ಬಾಲ್ಯ' ಎಂದು ಬರೆದು ತರಲು ಹೇಳಿದ್ದಳು. ಒಬ್ಬೊಬ್ಬರೇ ಎದ್ದು ಓದುತ್ತಿದ್ದರು: ಸೈಕಲ್ಲು, ಅಜ್ಜಿಯ ಮನೆ, ಬೆಕ್ಕು. ನಾಲ್ಕನೆಯವಳು ಅನಘಾ. ಹಾಳೆಯಿಂದ ಕಣ್ಣೆತ್ತದೆ ಓದಿದಳು. ಒಂದೊಂದು ಮಾತೂ ನನಗೆ ತಿಳಿಯಿತು. ಅದು ಹೀಗಿತ್ತು:

"ನಾನು ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕ ಹೇಳುತ್ತಿದ್ದಳು. ನನಗೆ ಅರ್ಥ ಗೊತ್ತಿರಲಿಲ್ಲ. ಅಮ್ಮನ ಎದೆಗೆ ಕಿವಿಯಿಟ್ಟರೆ ಒಳಗೆ ಸದ್ದಾಗುತ್ತಿತ್ತು, ಅದು ಇಷ್ಟವಾಗುತ್ತಿತ್ತು. ಈಗ ಅಮ್ಮ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ನಾನು ಮಾತಾಡುವುದನ್ನು ಕೇಳಲು ಕೂರುವುದಿಲ್ಲ. ನಾನು ಯಾರ ಜೊತೆ ನಗುತ್ತೇನೆ ಎಂದು ನೋಡಲು ಕೂರುತ್ತಾಳೆ. ಮೊನ್ನೆ ಎಲ್ಲರೂ ಅಮ್ಮನಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ."

ಕ್ಲಾಸಿನಲ್ಲಿ ಯಾರಿಗೂ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಆರನೇ ಕ್ಲಾಸಿನ ಯಾರದೋ ಪುಸ್ತಕದಲ್ಲಿ ಸರಿ ತಪ್ಪು ಎಲ್ಲದಕ್ಕೂ ರೈಟ್ ಹಾಕುತ್ತಾ ಹೋಗಿತ್ತು. ತನ್ಮಯಿ ಮೆಲ್ಲಗೆ, "ಗ್ರಾಸಿಯಾಸ್, ಅನಘಾ" ಎಂದು ಧನ್ಯವಾದ ಹೇಳಿ ಮುಂದಿನವರನ್ನು ಕರೆದಳು.

ಬೆಲ್ ಹೊಡೆದು ಮಕ್ಕಳು ಹೋದ ಮೇಲೂ ನಾನು ಏಳಲಿಲ್ಲ. ತನ್ಮಯಿ ಹೆಲ್ಮೆಟ್ ತೆಗೆದುಕೊಳ್ಳಲು ನನ್ನ ಮೇಜಿಗೆ ಬಂದಳು. ಆ ವರ್ಷವಿಡೀ ಅವಳನ್ನು ನಾನಾಗಿ ಒಂದು ಮಾತೂ ಕೇಳಿರಲಿಲ್ಲ.

"ತನ್ಮಯಿ, ಹೊಟ್ಟೆಕಿಚ್ಚಿಗೆ ಏನಂತಾರೆ, ನಿಮ್ಮ ಭಾಷೇಲಿ?"

ಅವಳು ನನ್ನ ಮುಖ ನೋಡಿದಳು, ಮೇಜಿನ ಮೇಲೆ ತೆರೆದಿದ್ದ ನನ್ನ ಕಳ್ಳ ನೋಟ್‌ಬುಕ್ ನೋಡಿ ಒಂದೆರಡು ಹಾಳೆ ತಿರುವಿದಳು. ಸೆಲೋಸ್ ಎಂದು ಅದರಲ್ಲೇ ಬರೆದಳು.

"ಆಗಿತ್ತು ಅಂತ ಹೇಳಬೇಕಾ ಮೇಡಂ, ಆಗ್ತಾ ಇದೆ ಅಂತಾನಾ?"

"ಇನ್ನೂ ಇದೆ" ಎಂದೆ.

"ಅಂಗಾದ್ರೆ ಇದ್ದಂಗೇ ಹೇಳ್ಬುಡಿ" ಎಂದು ಇಡೀ ವಾಕ್ಯ ಬರೆದುಕೊಟ್ಟಳು. ಬಾಗಿಲವರೆಗೆ ಹೋದವಳು ತಿರುಗಿ, "ನಿಮ್ಮ ಅಕ್ಷರ ಬಾಳ ಚೆನ್ನಾಗೈತೆ ಮೇಡಂ. ಮೊದ್ಲೇ ಹೇಳಿದ್ರೆ ನಿಮಗೂ ಪುಸ್ತಕ ಕೊಡ್ತಿದ್ದೆ" ಎಂದಳು. ಅವಳ ಒಳ್ಳೆಯತನವನ್ನೂ ಆ ಕ್ಷಣ ನನಗೆ ಸಹಿಸಲಾಗಲಿಲ್ಲ.

ಆ ಮಾತನ್ನು ಕನ್ನಡದಲ್ಲಿ ಮಗಳ ಎದುರು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಎನ್ನುವುದನ್ನು ನಾವು ಬೇರೆಯವರ ಬಗ್ಗೆ ಎಷ್ಟು ಧಾರಾಳವಾಗಿ ಆಡುತ್ತೇವೆ! ನಮ್ಮದು ಎಂದು ಮಾತ್ರ ಹೇಳುವುದಿಲ್ಲ. ಆ ಸಂಜೆ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗ ಕಿತ್ತಳೆಯ ಬುಟ್ಟಿ ಕಂಡು ನಾಲ್ಕು ಹಣ್ಣು ಕೊಂಡೆ, ಯಾಕೆಂದು ಗೊತ್ತಿಲ್ಲ. ಶ್ರೀರಾಂಪುರದ ಬಸ್ಸು ತುಂಬಿತ್ತು. ಇಬ್ಬರ ಒಂದೇ ಸೀಟು ಖಾಲಿ. ನೂಕುನುಗ್ಗಲಿನಲ್ಲಿ ಅನಘಾ ಬೇರೆ ದಾರಿಯಿಲ್ಲದೆ ನನ್ನ ಪಕ್ಕ ಕೂತು ಕಿಟಕಿಯ ಕಡೆ ಮುಖ ಮಾಡಿದಳು. ಸುತ್ತ ಜನವೋ ಜನ, ನಿಂತವರ ಬ್ಯಾಗು ನಮ್ಮ ತಲೆಗೆ ತಾಗುತ್ತಿತ್ತು. ನನ್ನ ಮಾತು ಇಲ್ಲಿ ಒಬ್ಬಳಿಗೆ ಮಾತ್ರ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಹೇಳಿದೆ.

"ತೆಂಗೊ ಸೆಲೋಸ್." ನನಗೆ ಹೊಟ್ಟೆಕಿಚ್ಚು.

ಬಸ್ಸು ಒಂದು ಸ್ಟಾಪ್ ದಾಟಿತು. ಆಮೇಲೆ ಅವಳು ಕಿಟಕಿಯ ಕಡೆಯೇ ನೋಡುತ್ತಾ ಅದೇ ಭಾಷೆಯಲ್ಲಿ ಕೇಳಿದಳು, "ದೆ ಕ್ಯೆನ್?" ಯಾರ ಮೇಲೆ?

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಜೂನ್‌ನಿಂದ ದಿನಾ ನೋಡುತ್ತಿದ್ದ ಮುಖ, ದಿನಾ ಶಪಿಸುತ್ತಿದ್ದ ಹೆಸರು. ನಿನ್ನ ಪ್ರೊಫೆ ಮೇಲೆ ಎಂದು ಹೇಳಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ದೆ ತಿ" ಎಂದೆ. ನಿನ್ನ ಮೇಲೆ.

ಹೇಳಿದ ಮೇಲೆ ನನಗೇ ತಿಳಿದದ್ದು. ಅನಘಾ ಈಗ ತಿರುಗಿ ನೋಡಿದಳು. ಉಳಿದದ್ದನ್ನು ಹೇಳುವಷ್ಟು ಸ್ಪ್ಯಾನಿಷ್ ನನ್ನಲ್ಲಿರಲಿಲ್ಲ, ಕನ್ನಡದಲ್ಲೇ ಹೇಳಿದೆ, ಅವಳ ಕಿವಿಯ ಹತ್ತಿರ ಬಾಗಿ. ವಸಂತಿಯನ್ನು, ಜಗಲಿಯನ್ನು, ಮನೆಯಲ್ಲಿ ಭಾಷೆಗೇನು ಬರವೇ ಎಂದ ಅಪ್ಪನನ್ನು, ನಕ್ಕು ಒಳಗೆ ಹೋದವಳನ್ನು. ನೀನು ಬೇಕಾದ್ದನ್ನು ಕೇಳಿದೆ, ಸಿಕ್ಕಿತು, ನಗುತ್ತಾ ಕಲಿತೆ. ನಾನು ನನ್ನದೇ ಕೊಠಡಿಯ ಹಿಂದಿನ ಬೆಂಚಿನಲ್ಲಿ ಅದನ್ನು ಕದ್ದು ಕಲಿತೆ. ನಿನ್ನ ಅರ್ಧ ಗಂಟೆಯನ್ನು ಕಿತ್ತುಕೊಂಡವಳು ನಾನೇ. ಅದು ದೊಡ್ಡ ಗುಣವಲ್ಲ, ಈ ಕಿಚ್ಚು.

"ನಿನಗೆ ಸ್ಪ್ಯಾನಿಷ್ ಬರುತ್ತೆ ಅಂತ ನನಗೆ ಗೊತ್ತಿತ್ತು ಕಣಮ್ಮ" ಎಂದಳು. "ಅಕ್ಕಿ ತೊಳೀವಾಗ ಹೇಳ್ಕೋತಿದ್ಯಲ್ಲ. ಅದಕ್ಕೇ ಇವತ್ತು ಕ್ಲಾಸಲ್ಲಿ ಅದನ್ನ ಓದಿದ್ದು. ನಿನಗೆ ಕೇಳ್ಸಲಿ ಅಂತ."

"ಕ್ಷಮಿಸ್ತೀಯಾ?"

"ಈಗ ಇಲ್ಲ" ಎಂದಳು.

ಸರಿ ಎಂದೆ. ಆ ಅರ್ಧ ಗಂಟೆ ಅವಳಿಗೆ ಮತ್ತೆ ಸಿಗಲೇ ಇಲ್ಲ. ಸ್ಪೇನಿನ ಆ ಶಾಲೆಯವರು ಮರುವರ್ಷ ಕರೆಯಲಿಲ್ಲ. ಈಗ ಅವಳು ಇದೇ ಊರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ, ತನ್ಮಯಿ ಜೊತೆ ಫೋನಿನಲ್ಲಿ ಈಗಲೂ ಗಂಟೆಗಟ್ಟಲೆ ಹರಟುತ್ತಾಳೆ. ನನಗೆ ಈಗಲೂ ಉರಿಯುತ್ತದೆ, ಈಗಲೂ ಪ್ರತಿಯೊಂದು ಮಾತೂ ತಿಳಿಯುತ್ತದೆ.

ಅವತ್ತು ಬಸ್ಸಿನಲ್ಲಿ ಆ ಮಾತಿನ ಮೇಲೆ ಅವಳು ನನ್ನ ಚೀಲಕ್ಕೆ ಕೈ ಹಾಕಿ ಒಂದು ಕಿತ್ತಳೆ ತೆಗೆದಳು. ಸುಲಿಯಲಿಲ್ಲ. ನನ್ನ ಅಂಗೈ ಬಿಡಿಸಿ ಹಣ್ಣನ್ನು ಅದರೊಳಗಿಟ್ಟಳು.

"ಪೇಲಾ" ಎಂದಳು, ಟೀಚರಿನ ಗತ್ತಿನಲ್ಲಿ.

ಸುಲಿದೆ. ಬಸ್ಸಿನ ತುಂಬ ವಾಸನೆ ಎದ್ದಿತು. ಮೊದಲ ತೊಳೆ ಬಿಡಿಸಿ ಅವಳ ಮುಂದೆ ಹಿಡಿದೆ. ಅವಳು ಅದನ್ನು ತೆಗೆದುಕೊಂಡು, ತಿನ್ನದೆ, ನನ್ನ ಬಾಯಿಗೇ ಇಟ್ಟಳು. ಕಂಡಕ್ಟರ್ ನಮ್ಮ ಸ್ಟಾಪಿನ ಹೆಸರು ಕೂಗಿದ. ಇಬ್ಬರಿಗೂ ಕೇಳಿಸಿತು. ಇನ್ನೂ ಮೂರು ಹಣ್ಣಿದ್ದವು, ಇಬ್ಬರೂ ಏಳಲಿಲ್ಲ.